ಬಿಟಿಐ ಪುಡಿ: ಸಂಪು, ಬಾನಿಗೆ ಸೈ, ಚರಂಡಿಗೆ ಅದೊಂದೇ ಸಾಲದು

ದಾವಣಗೆರೆ, ಚಿತ್ರದುರ್ಗದ ಕಡೆ ನಲ್ಲಿಯಲ್ಲಿ ನೀರು ಬಂದ ದಿನ ಮನೆಯಲ್ಲಿರುವ ಡ್ರಮ್ಮು, ಸಂಪು, ಹಂಡೆ, ಬಕೆಟ್ಟು ಎಲ್ಲವನ್ನೂ ತುಂಬಿಸಿಟ್ಟುಕೊಳ್ಳುವುದು ರೂಢಿ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಬೇಕಾದದ್ದೂ ಅದೇ, ನೆರಳಲ್ಲಿ ನಿಂತ ತಿಳಿನೀರು. ಸೆಕೆಗಾಲದಲ್ಲಿ ಮೊಟ್ಟೆ ಒಡೆದು, ಮರಿ ಬೆಳೆದು, ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಆ ನೀರಿಗೆ ಹಾಕುವ ಮದ್ದುಗಳಲ್ಲಿ ನಮ್ಮ ಮೊದಲ ಆಯ್ಕೆ ಬಿಟಿಐ, ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ತಯಾರಿಸಿದ ಪುಡಿ. ನೀರಿನಲ್ಲಿ ಕದಡುವ, ಪ್ಯಾಕೆಟ್ ಮೇಲೆ ಡಬ್ಲ್ಯೂಪಿ ಎಂದು ಬರೆದಿರುವ ಬಗೆಯ ಬಗ್ಗೆ ಈ ವಿಮರ್ಶೆ. ಸಂಪು, ಡ್ರಮ್ಮು, ದನಕ್ಕೆ ನೀರಿಡುವ ಕಲ್ಲುಬಾನಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ಬೀದಿ ಚರಂಡಿಗೆ ಎರಡೂವರೆಗಿಂತ ಹೆಚ್ಚು ಕೊಡಲಾಗದು. ಒಂದೇ ಮದ್ದಿಗೆ ಇಷ್ಟು ಅಂತರ ಯಾಕೆ ಎಂಬುದು ಅದು ಕೊಲ್ಲುವ ಬಗೆಯಲ್ಲೇ ಇದೆ.

1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸೊಳ್ಳೆಮರಿಗಳು ರಾಶಿರಾಶಿ ಸತ್ತಿದ್ದವು. ಗೋಲ್ಡ್‌ಬರ್ಗ್ ಮತ್ತು ಮಾರ್ಗಲಿತ್ ಎಂಬ ವಿಜ್ಞಾನಿಗಳು ಅಲ್ಲಿಂದಲೇ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಆಹಾರ ಮುಗಿದು ಬ್ಯಾಕ್ಟೀರಿಯಾ ಬೀಜಾಣುವಾಗುವ ಹೊತ್ತಿಗೆ ಅದರ ಪಕ್ಕದಲ್ಲೇ ಪ್ರೋಟೀನಿನ ಒಂದು ಹರಳು ಕಟ್ಟುತ್ತದೆ. ಮದ್ದು ಎಂದರೆ ಆ ಹರಳೇ. ಅದರಲ್ಲಿ ಮುಖ್ಯವಾಗಿ ನಾಲ್ಕು ಪ್ರೋಟೀನುಗಳಿವೆ: ಕ್ರೈ4ಎ, ಕ್ರೈ4ಬಿ, ಕ್ರೈ11ಎ ಮತ್ತು ಸೈಟ್1ಎ. ಹರಳಾಗಿರುವಷ್ಟು ಹೊತ್ತು ಯಾವುದಕ್ಕೂ ವಿಷದ ಗುಣವಿಲ್ಲ. ಸೊಳ್ಳೆಮರಿ ಬಾಯಿಯ ಕುಂಚಗಳನ್ನು ಬೀಸಿ ನೀರಿನ ಕಣಗಳನ್ನು ಒಳಕ್ಕೆ ಎಳೆದುಕೊಳ್ಳುವಾಗ ಹರಳೂ ಹೊಟ್ಟೆ ಸೇರುತ್ತದೆ. ಮರಿಯ ನಡುಗರುಳು ಗಟ್ಟಿ ಕ್ಷಾರ, ಪಿಎಚ್ 10ರ ಮೇಲೆ. ಅಲ್ಲಿ ಹರಳು ಕರಗುತ್ತದೆ. ಕರುಳಿನ ಜೀರ್ಣರಸಗಳು ಪ್ರೋಟೀನಿನ ತುದಿ ಕತ್ತರಿಸಿದಾಗ ಅದು ವಿಷವಾಗುತ್ತದೆ. ಕ್ರೈ ಪ್ರೋಟೀನುಗಳು ಕರುಳಿನ ಜೀವಕೋಶಗಳ ಮೇಲಿನ ಗ್ರಾಹಕಗಳಿಗೆ, ಅಂದರೆ ಅವು ಕಚ್ಚಿಕೊಳ್ಳಬಲ್ಲ ತಾಣಗಳಿಗೆ, ಅಂಟಿ, ಕೆಲವು ಒಟ್ಟು ಸೇರಿ, ಕೋಶದ ಪೊರೆಯಲ್ಲಿ ತೂತು ಮಾಡುತ್ತವೆ. ತೂತಿನಿಂದ ಲವಣ, ನೀರು ನುಗ್ಗಿ ಕೋಶ ಊದಿಕೊಂಡು ಒಡೆಯುತ್ತದೆ. ಒಂದು ತಾಸಿನೊಳಗೆ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ. ಆಮೇಲೆ ಮಂಕಾಗಿ, ತಟ್ಟಿದರೂ ಸರಿಯಾಗಿ ಬಾಲ ಬಡಿಯದೆ, ಹೆಚ್ಚಿನವು 24 ತಾಸಿನೊಳಗೆ ಸಾಯುತ್ತವೆ.

ಸೈಟ್1ಎ ಕೆಲಸ ಬೇರೆ ಥರ. ಅದಕ್ಕೆ ಪ್ರೋಟೀನಿನ ಗ್ರಾಹಕವೇ ಬೇಡ, ಪೊರೆಯ ಕೊಬ್ಬಿಗೇ ನೇರ ಅಂಟಿಕೊಳ್ಳುತ್ತದೆ. ಹಾಗೆ ಅಂಟಿ ಕುಳಿತು ಕ್ರೈ11ಎಗೆ ತಾನೇ ಗ್ರಾಹಕವಾಗಿ ನಿಲ್ಲುತ್ತದೆ. ಕ್ರೈಗೆ ಬಾಗಿಲು ಮುಚ್ಚುವಂಥ ಬದಲಾವಣೆ ಮರಿಯಲ್ಲಿ ಆದರೂ ಸೈಟ್ ಒಳದಾರಿ ಮಾಡಿಕೊಡುತ್ತದೆ ಎಂದರ್ಥ. ಪಶ್ಚಿಮ ಆಫ್ರಿಕದ ನದಿಗಳಲ್ಲಿ ಕಪ್ಪುನೊಣದ ಮರಿಗಳ ಮೇಲೆ, ಜರ್ಮನಿಯ ರೈನ್ ಬಯಲಿನಲ್ಲಿ ಸೊಳ್ಳೆಮರಿಗಳ ಮೇಲೆ 1980ರ ದಶಕದಿಂದ ಬಳಸಿಯೂ ಬಿಟಿಐ ಮೊಂಡಾಗದಿರುವುದಕ್ಕೆ ಈ ಜೋಡಿ ಕಾರಣ. ನಮ್ಮಲ್ಲಿ ದಶಕಗಳಿಂದ ಹಾಕುತ್ತಿರುವ ಟೆಮಿಫಾಸ್ ಎಂಬ ರಾಸಾಯನಿಕ ಮದ್ದಿಗೆ ಹಲವು ಕಡೆ ಈಡಿಸ್ ಮರಿಗಳು ಜಗ್ಗದಂತಾಗಿವೆ. ಬಿಟಿಐಗೆ ಈ ವಿಷಯದಲ್ಲಿ ಪೂರ್ತಿ ಅಂಕ.

ಮನುಷ್ಯರು, ದನ, ನಾಯಿ, ಕೋಳಿಗೆ ಇದರಿಂದ ಅಪಾಯವಿಲ್ಲ. ನಮ್ಮ ಜಠರದಲ್ಲಿ ಆಮ್ಲ, ಹರಳಿಗೆ ಬೇಕಾದ ಕ್ಷಾರವೂ ಇಲ್ಲ, ಕ್ರೈ ಅಂಟಲು ಬೇಕಾದ ಗ್ರಾಹಕಗಳೂ ಇಲ್ಲ. ಸೊಳ್ಳೆಮರಿ ತಿನ್ನುವ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟ ತೊಟ್ಟಿಗೂ ಹಾಕಬಹುದು, ಮೀನಿಗೆ ಏನೂ ಆಗದು. ಕಚ್ಚದ ಸಣ್ಣ ನೊಣಗಳಾದ ಕೈರೋನೊಮಿಡ್ ಮರಿಗಳಿಗೆ ಮಾತ್ರ ಪುಡಿಯ ಪ್ರಮಾಣ ಹೆಚ್ಚಾದರೆ ಪೆಟ್ಟು ಬೀಳುತ್ತದೆ. ಅವು ಕೆರೆಯ ಮೀನು, ಹಕ್ಕಿಗಳ ಊಟ. ಹಾಗಾಗಿ ಕುಂದವಾಡ ಕೆರೆ, ಸೂಳೆಕೆರೆಯಂಥ ಜೀವಂತ ಕೆರೆಗೆ ಪುಡಿ ಸುರಿಯುವ ಉತ್ಸಾಹ ಬೇಡ. ಮೀನಿರುವ, ಅಲೆಯಾಡುವ ಕೆರೆಯ ನಡುವಿನಲ್ಲಿ ಸೊಳ್ಳೆಮರಿ ಉಳಿಯುವುದೂ ಅಪರೂಪ. ಕುಡಿಯುವ ನೀರಿಗೆ ಬಿಟಿಐನ ಕೆಲವು ತಯಾರಿಕೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ, ಆದರೆ ಎಲ್ಲ ಪ್ಯಾಕೆಟ್‌ಗೂ ಆ ಒಪ್ಪಿಗೆ ಅನ್ವಯಿಸದು. ಲೇಬಲ್ಲಿನಲ್ಲಿ ಕುಡಿಯುವ ನೀರಿಗೆ ಬಳಸಬಹುದು ಎಂದು ಬರೆದಿಲ್ಲವೆಂದರೆ ಆ ಪಾತ್ರೆಗೆ ಬಿಗಿ ಮುಚ್ಚಳವೇ ಸರಿ.

ಇದು ಮೈಗೆ ತಾಗಿ ಕೊಲ್ಲುವ ವಿಷವಲ್ಲ, ತಿಂದರೆ ಮಾತ್ರ ಕೊಲ್ಲುತ್ತದೆ. ಪುಡಿ ಕೆಲಸ ಮಾಡಲಿಲ್ಲ ಎಂಬ ದೂರುಗಳೆಲ್ಲ ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಮೊದಲನೆಯದು ಪ್ಯೂಪಾ. ತಲೆ ದಪ್ಪಗಾಗಿ, ಅಲ್ಪವಿರಾಮದ ಹಾಗೆ ಬಾಗಿ, ನೀರಿನ ಮೇಲ್ಮೈಗೆ ಜೋತುಬಿದ್ದು, ನೆರಳು ಬಿದ್ದರೆ ಪಲ್ಟಿ ಹೊಡೆದು ಕೆಳಗಿಳಿಯುವುದು ಪ್ಯೂಪಾ. ಅದು ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಸಾಯುವುದಿಲ್ಲ. ಎರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಪ್ಯೂಪಾ ಆಗುವ ಹೊಸ್ತಿಲಲ್ಲಿರುವ ನಾಲ್ಕನೇ ಹಂತದ ದೊಡ್ಡ ಮರಿಯೂ ತಿನ್ನುವುದನ್ನು ಬಿಟ್ಟಿರುತ್ತದೆ. ಪುಡಿ ಹಾಕಿದ ಮರುದಿನವೂ ಮನೆಯಲ್ಲಿ ಹೊಸ ಸೊಳ್ಳೆ ಕಂಡರೆ ಪುಡಿ ಕಳಪೆ ಎಂದು ಬೈಯಬೇಡಿ. ಚಹಾ ಸೋಸುವ ಜರಡಿ ಹಿಡಿದು ಪ್ಯೂಪಾ ಮತ್ತು ದೊಡ್ಡ ಮರಿಗಳನ್ನು ಮೊದಲು ಎತ್ತಿ ಒಣ ನೆಲಕ್ಕೆ ಕೊಡವಿ, ಆಮೇಲೆ ಪುಡಿ ಹಾಕಿ. ಚರಂಡಿಗೆ ಕೊಡವಿದರೆ ಅಲ್ಲೇ ಬದುಕಿಕೊಳ್ಳುತ್ತವೆ. ಜರಡಿ ಆಡಿಸುವುದರಿಂದ ಇನ್ನೊಂದು ಲಾಭವಿದೆ. ಮರಿ ಕಿಕ್ಕಿರಿದ ನೀರಿನಲ್ಲಿ ಹರಳು ಹಂಚಿಹೋಗಿ ಒಂದೊಂದಕ್ಕೆ ಸಾಯುವಷ್ಟು ಸಿಗುವುದಿಲ್ಲ. ಸಂಖ್ಯೆ ತಗ್ಗಿಸಿದರೆ ಅದೇ ಪ್ರಮಾಣ ಸಾಕಾಗುತ್ತದೆ.

ಇನ್ನು ಅಳತೆ. ಪ್ಯಾಕೆಟ್ ಮೇಲೆ ಹೆಕ್ಟೇರಿಗೆ 5 ಕೆಜಿ ಪುಡಿ, 200 ಲೀಟರ್ ನೀರು ಎಂದಿದ್ದರೆ ಅದು ಚದರ ಮೀಟರಿಗೆ ಅರ್ಧ ಗ್ರಾಂ ಪುಡಿ, 20 ಮಿಲಿ ನೀರು. ಮನೆಯ ಡ್ರಮ್ಮಿನ ಬಾಯಿ ಕಾಲು ಚದರ ಮೀಟರ್ ಚಿಲ್ಲರೆ. ಅದಕ್ಕೆ ಬೇಕಾದ ಪುಡಿಯನ್ನು ಅಡುಗೆಮನೆಯ ತಕ್ಕಡಿ ತೂಗಲಾರದು. ಚಿಟಿಕೆ ಲೆಕ್ಕವೂ ನಂಬುವಂಥದ್ದಲ್ಲ. 5 ಗ್ರಾಂ ಪುಡಿಯನ್ನು 200 ಮಿಲಿ ನೀರಿನಲ್ಲಿ ಕದಡಿಟ್ಟುಕೊಂಡರೆ ಲೆಕ್ಕ ಸಲೀಸು: ನೀರಿನ ಮೇಲ್ಮೈಯ ಒಂದು ಚದರ ಅಡಿಗೆ 2 ಮಿಲಿ. ಡ್ರಮ್ಮಿಗೆ 6 ಮಿಲಿ, ನಾಲ್ಕಡಿ ಉದ್ದ ಎರಡಡಿ ಅಗಲದ ಕಲ್ಲುಬಾನಿಗೆ 16 ಮಿಲಿ, ಹತ್ತಡಿ ಆರಡಿಯ ಸಂಪಿಗೆ 120 ಮಿಲಿ. ಸೂಜಿ ತೆಗೆದ ಸಿರಿಂಜು ಅಳೆಯಲು ಅನುಕೂಲ. ನಿಮ್ಮ ಪ್ಯಾಕೆಟ್ ಬೇರೆ ಪ್ರಮಾಣ ಹೇಳಿದರೆ ಇದೇ ಲೆಕ್ಕವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ, ಏಕೆಂದರೆ ಬಿಟಿಐ ಸತ್ವವನ್ನು ಅಳೆಯುವುದು ಶೇಕಡಾವಾರಿನಿಂದಲ್ಲ, ಐಟಿಯು ಎಂಬ ಮಾನದಿಂದ. ಈಡಿಸ್ ಮರಿಗಳ ಮೇಲೆ ಪರೀಕ್ಷಿಸಿ, ಮಿಲಿಗ್ರಾಂಗೆ 15,000 ಐಟಿಯು ಇರುವ ಒಂದು ಮಾದರಿ ಪುಡಿಯೊಂದಿಗೆ ಹೋಲಿಸಿ ಆ ಅಂಕಿ ಕೊಡುತ್ತಾರೆ. ಶೇಕಡಾವಾರು ಒಂದೇ ಇದ್ದು ಐಟಿಯು ಬೇರೆ ಇರುವ ಎರಡು ಪ್ಯಾಕೆಟ್ ಕಂಡರೆ ಐಟಿಯು ಹೆಚ್ಚಿರುವುದನ್ನು ಆರಿಸಿ.

ಕದಡುವುದರಲ್ಲೂ ಒಂದು ಕ್ರಮವಿದೆ. ತುಂಬಿದ ನೀರಿನ ಮೇಲೆ ಪುಡಿ ಉದುರಿಸಿದರೆ ಗಂಟುಕಟ್ಟಿ, ಒಳಗೆ ಒಣಗಿದ್ದಂತೆಯೇ ತಳಕ್ಕೆ ಬೀಳುತ್ತದೆ. ಲೋಟದಲ್ಲಿ ಪುಡಿ ಹಾಕಿ, ಎರಡು ಚಮಚ ನೀರು ಬಿಟ್ಟು, ರಾಗಿ ಅಂಬಲಿಗೆ ಹಿಟ್ಟು ಕಲಸುವ ಹಾಗೆ ಗಂಟಿಲ್ಲದಂತೆ ತಿಕ್ಕಿ, ಆಮೇಲೆ ಉಳಿದ ನೀರು ಸೇರಿಸಿ. ಬಣ್ಣ ಮಾಸಲು ಕಂದು, ಹುದುಗು ವಾಸನೆ, ಅದು ಸಹಜ. ಸಿರಿಂಜಿಗೆ ಎಳೆದುಕೊಳ್ಳುವ ಪ್ರತಿ ಸಲವೂ ಲೋಟವನ್ನು ಅಲ್ಲಾಡಿಸಲೇಬೇಕು. ಐದು ನಿಮಿಷ ನಿಂತರೆ ಮೇಲೆ ತೆಳು ನೀರು, ತಳದಲ್ಲಿ ಮದ್ದು. ಮೊದಲ ಡ್ರಮ್ಮಿಗೆ ಬರೀ ನೀರು, ಕೊನೆಯದಕ್ಕೆ ಮದ್ದೆಲ್ಲ ಎಂಬಂತಾಗುತ್ತದೆ. ಕದಡಿದ್ದನ್ನು ಅಂದೇ ಮುಗಿಸಿ. ಹಾಕುವ ಹೊತ್ತು ಸಂಜೆ: ಬಿಸಿಲಿನ ನೇರಳಾತೀತ ಕಿರಣ ಹರಳಿನ ಪ್ರೋಟೀನನ್ನು ಹಾಳುಮಾಡುತ್ತದೆ, ಸಂಜೆ ಹಾಕಿದರೆ ಬಿಸಿಲೇರುವ ಮೊದಲೇ ಮರಿಗಳು ರಾತ್ರಿಯಿಡೀ ತಿಂದಿರುತ್ತವೆ. ಒಣಪುಡಿ ಕಣ್ಣಿಗೆ, ಶ್ವಾಸಕ್ಕೆ ಹೋದರೆ ಕೆರಳಿಸುತ್ತದೆ, ಮಾಸ್ಕು ಕಟ್ಟಿಕೊಳ್ಳಿ.

ಸ್ಪ್ರೇಯರ್ ಬಳಸುವವರಿಗೆ, ಮುಖ್ಯವಾಗಿ ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದವರಿಗೆ, ಒಂದು ಎಚ್ಚರಿಕೆ ಹೇಳಲೇಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಪಂಪನ್ನೇ ಸರಿಯಾಗಿ ತೊಳೆಯದೆ ಬಿಟಿಐಗೂ ಬಳಸಿದರೆ ಮದ್ದು ಕೆಡುತ್ತದೆ. ಬೋರ್ಡೋದಲ್ಲಿ ಸುಣ್ಣವಿದೆ, ಮೈಲುತುತ್ತವಿದೆ. ಮರಿಯ ಹೊಟ್ಟೆಯಲ್ಲಿ ಕರಗಬೇಕಾದ ಹರಳು ಸುಣ್ಣದ ಕ್ಷಾರಕ್ಕೆ ಪಂಪಿನಲ್ಲೇ ಕರಗಬಹುದು, ಕರಗಿದ ಪ್ರೋಟೀನು ಕಣವಾಗಿ ಉಳಿಯದ್ದರಿಂದ ಮರಿಯ ಬಾಯಿಗೆ ಸಿಗುವುದಿಲ್ಲ. ಹೊಸ ಸಿಮೆಂಟಿನ ತೊಟ್ಟಿಗೂ ಇದೇ ಮಾತು. ಮೊದಲು ತುಂಬಿಸಿದ ನೀರಿಗೆ ಸಿಮೆಂಟಿನ ಸುಣ್ಣ ಬಿಟ್ಟು ಕ್ಷಾರ ಏರಿರುತ್ತದೆ. ಆ ನೀರನ್ನು ಚೆಲ್ಲಿ, ಮತ್ತೆ ತುಂಬಿಸಿದ ಮೇಲೆ ಪುಡಿ ಹಾಕಿ. ಕೊಳವೆಬಾವಿಯ ಗಡಸುನೀರಿನ ಬಗ್ಗೆ ಹೆದರಿಕೆ ಬೇಡ, ಅದರ ಕ್ಷಾರ ಅಷ್ಟಿರುವುದಿಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಮಾತ್ರ ಬೆರೆಸಬೇಡಿ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಲೋಟ ನೀರು ನಿಂತರೂ ಈಡಿಸ್ ಮರಿ ಬೆಳೆಯುತ್ತದೆ. ಅದಕ್ಕೆ ಪುಡಿ ಹೊಡೆಯುತ್ತಾ ಹೋಗುವುದು ದಂಡ. ಹಾಳೆ ಎತ್ತಿ ಮಗುಚಿ ಹಾಕಿದರೆ ಮುಗಿಯಿತು. ತೆಂಗಿನ ಚಿಪ್ಪು, ಹಳೇ ಟೈರು, ಕೂಲರ್ ತಟ್ಟೆಗೂ ಅಷ್ಟೆ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ವಾರಕ್ಕೊಮ್ಮೆ ಖಾಲಿ ಮಾಡಲು ಸಾಧ್ಯವಿರುವ ಡ್ರಮ್ಮಿಗೆ ಬಿಟಿಐ ಕೊಳ್ಳುವ ಅಗತ್ಯವೇ ಇಲ್ಲ. ಖಾಲಿ ಮಾಡಿ ಒಳಗೋಡೆಯನ್ನು ನಾರಿನಿಂದ ಗಸಗಸ ಉಜ್ಜಿ. ಈಡಿಸ್ ಮೊಟ್ಟೆಗಳು ನೀರಿನ ಅಂಚಿನ ಮೇಲೆ ಕಪ್ಪು ಚುಕ್ಕಿಗಳಾಗಿ ಗೋಡೆಗೆ ಅಂಟಿರುತ್ತವೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದರೆ ಒಡೆಯುತ್ತವೆ. ಉಜ್ಜದೆ ಬರೀ ತೊಳೆದು ತುಂಬಿಸಿದರೆ ಅವು ಅಲ್ಲೇ ಇರುತ್ತವೆ. ಮೊಟ್ಟೆಯ ಮೇಲೆ ಬಿಟಿಐಗೂ ಹಿಡಿತವಿಲ್ಲ. ಖಾಲಿ ಮಾಡಲಾಗದ ಸಂಪು, ನೆಲಕ್ಕೆ ಕೂಡಿಸಿದ ಬಾನಿ, ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿ, ಕಟ್ಟಡ ಕೆಲಸದ ನೀರಿನ ತೊಟ್ಟಿ: ಈ ಪುಡಿ ದುಡ್ಡಿಗೆ ಬೆಲೆ ಕೊಡುವ ಜಾಗಗಳು ಇವು.

ಎಷ್ಟು ದಿನ ನಿಲ್ಲುತ್ತದೆ? ವಾರಕ್ಕೊಮ್ಮೆ ಹಾಕುವುದೇ ನಿಯಮ ಎಂದುಕೊಳ್ಳಿ. ಹರಳು ನಿಧಾನವಾಗಿ ತಳಕ್ಕಿಳಿಯುತ್ತದೆ, ಬಿಸಿಲಿಗೆ ಕೆಡುತ್ತದೆ, ಬಳಸಿದ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಈಡಿಸ್ ಮರಿ ತಳವನ್ನೂ ಗೋಡೆಯನ್ನೂ ಕೆರೆದು ತಿನ್ನುವುದರಿಂದ ಇಳಿದ ಹರಳೂ ಅದಕ್ಕೆ ಸಿಗುತ್ತದೆ. ಡ್ರಮ್ಮಿನಲ್ಲಿ ಫಲ ಚೆನ್ನಾಗಿರುವುದು ಹಾಗಾಗಿ. ನಗರ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಮರಿ ಮೇಲ್ಮೈಗೆ ಅಡ್ಡ ಮಲಗಿ ಅಲ್ಲಿನದ್ದನ್ನೇ ತಿನ್ನುತ್ತದೆ. ಬಾವಿ, ಮೇಲಿನ ಟ್ಯಾಂಕಿನಲ್ಲಿ ಅದಿದ್ದರೆ ಪುಡಿಯ ಫಲ ಬೇಗ ಇಳಿಯುತ್ತದೆ, ಅಲ್ಲಿ ಬಿಗಿ ಮುಚ್ಚಳ, ಬಾವಿಗೆ ಮೀನು ಮೇಲು. ಬೆಳೆರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರವನ್ನು ಬೆಳೆಸುವ ಹಾಗೆ ಬೆಲ್ಲದ ನೀರಿನಲ್ಲಿ ಬಿಟಿಐಯನ್ನೂ ಹೆಚ್ಚಿಸಿಕೊಳ್ಳಬಹುದೇ ಎಂದು ರೈತರು ಕೇಳುವುದುಂಟು. ಸಾಧ್ಯವಿಲ್ಲ. ಶುದ್ಧ ಪಾತ್ರೆಯಲ್ಲಿ ಬೀಜಾಣು ಹಂತದವರೆಗೆ ಬೆಳೆಸಿದರೆ ಮಾತ್ರ ಹರಳು. ತೆರೆದ ಡ್ರಮ್ಮಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳೇ ಮೇಲುಗೈಯಾಗುತ್ತವೆ, ಕೊಳೆತ ಬೆಲ್ಲದ ನೀರು ಕ್ಯೂಲೆಕ್ಸ್ ಸೊಳ್ಳೆಯನ್ನು ಕರೆಯುತ್ತದೆ.

ಚರಂಡಿಗೆ ಎರಡೂವರೆ ಅಂಕ ಯಾಕೆಂದು ಈಗ ಹೇಳಬಹುದು. ಅಲ್ಲಿರುವುದು ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯಾಟಸ್. ರೊಚ್ಚಿನ ಕಣಗಳಿಗೆ ಹರಳು ಅಂಟಿ ಕೆಸರಿಗಿಳಿಯುತ್ತದೆ, ಮರಿಯ ಬಾಯಿಗೆ ಬೇರೆ ಆಹಾರವೇ ಹೆಚ್ಚು ಸಿಗುತ್ತದೆ, ಹರಿವಿದ್ದರೆ ಮದ್ದು ಮುಂದಕ್ಕೆ ಕೊಚ್ಚಿಹೋಗುತ್ತದೆ. ಕೊಳಕು ನೀರಿಗೆ ಲೇಬಲ್ಲು ಹೇಳುವ ಹೆಚ್ಚಿನ ಪ್ರಮಾಣ ಹಾಕಿದರೂ ಫಲ ಬೇಗ ಇಳಿಯುತ್ತದೆ. ಅಲ್ಲಿಗೆ ಇದರ ದಾಯಾದಿಯಾದ ಲೈಸಿನಿಬ್ಯಾಸಿಲಸ್ ಸ್ಫೇರಿಕಸ್ ಹೆಚ್ಚು ಒಗ್ಗುತ್ತದೆ, ಕೊಳಕು ನೀರಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಅದರ ವಿಷ ಬಿನ್‌ಎ, ಬಿನ್‌ಬಿ ಎಂಬ ಒಂದೇ ಜೋಡಿ, ಅಂಟುವುದೂ ಒಂದೇ ಗ್ರಾಹಕಕ್ಕೆ. ಗ್ರಾಹಕ ಬದಲಾದರೆ ಮದ್ದು ಮುಗಿಯಿತು. ಕೊಚ್ಚಿಯ ಕ್ಯೂಲೆಕ್ಸ್ ಮರಿಗಳಲ್ಲಿ ಇಂಥ ಭಾರೀ ಪ್ರತಿರೋಧ 1995ರಲ್ಲೇ ವರದಿಯಾಗಿದೆ. ಈಡಿಸ್ ಈಜಿಪ್ಟೈಗೆ ಅದು ತಾಗುವುದೂ ಇಲ್ಲ. ಚರಂಡಿಯಲ್ಲಿ ಹೂಳೆತ್ತಿ, ನೀರು ಹರಿಯುವಂತೆ ಮಾಡಿ, ನಿಂತ ಮಡುಗಳಿಗೆ ಮಾತ್ರ ಎರಡನ್ನೂ ಬದಲಿಸುತ್ತಾ ಹಾಕುವುದು ನ್ಯಾಯ. ಪ್ಯೂಪಾ ಹೆಚ್ಚಿದ್ದ ಮಡುವಿಗೆ ಮೇಲ್ಮೈಗೆ ಪದರ ಕಟ್ಟಿ ಉಸಿರುಗಟ್ಟಿಸುವ ಲಾರ್ವಾ ಎಣ್ಣೆಯೇ ಬೇಕು. ಭದ್ರಾ ನಾಲೆಯ ಬತ್ತದ ಗದ್ದೆಗಳು ಮನೆಮಂದಿಯ ಕೈಗೆ ನಿಲುಕುವ ಮಾತಲ್ಲ. ಮೇಲಿನ ಪ್ರಮಾಣದಲ್ಲಿ ಎಕರೆಗೆ 2 ಕೆಜಿ, ಅದೂ ಪದೇ ಪದೇ.

ದ್ರವರೂಪದ ಬಿಟಿಐ ಅಳೆಯಲು ಸುಲಭ, ಆದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ತಂಪು ಜಾಗವಿದ್ದವರಿಗೆ ಸರಿ. ಸಣ್ಣ ಗುಳಿಗೆ ರೂಪದ್ದು ಜೊಂಡು ಬೆಳೆದ ಹೊಂಡಕ್ಕೆ ಒಳ್ಳೆಯದು, ಎಲೆಗಳ ನಡುವೆ ಜಾರಿ ನೀರಿಗಿಳಿಯುತ್ತದೆ.

ಕೊಳ್ಳುವಾಗ ಒಂದು ಗೊಂದಲ ಖಂಡಿತ ಎದುರಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಬರೀ ಬಿಟಿ ಕೊಡಿ ಎಂದರೆ ಹತ್ತಿ ಬೀಜವೋ, ಇಲ್ಲ ಕಾಯಿಕೊರಕಕ್ಕೆ ಹೊಡೆಯುವ ಕುರ್ಸ್ಟಾಕಿ ಪುಡಿಯೋ ಕೈಗೆ ಬರುತ್ತದೆ. ಕುರ್ಸ್ಟಾಕಿ ಇದೇ ಬ್ಯಾಕ್ಟೀರಿಯಾದ ಇನ್ನೊಂದು ತಳಿ, ಅದರ ಹರಳು ಮುಖ್ಯವಾಗಿ ಚಿಟ್ಟೆ ಪತಂಗಗಳ ಹುಳುಗಳನ್ನು ಕೊಲ್ಲುವಂಥದ್ದು. ಸೊಳ್ಳೆಮರಿಗೆ ಅದನ್ನು ನಂಬಿ ಕೂರಬಾರದು. ಹಿಪ್ಪುನೇರಳೆ ಬೆಳೆಯುವವರ ಮನೆಗೆ ಅದನ್ನು ತಪ್ಪಿಯೂ ತರಬೇಡಿ, ರೇಷ್ಮೆಹುಳುವೂ ಪತಂಗದ ಹುಳುವೇ. ಬಿಟಿಐ ಹರಳಿನಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಕ್ರೈ1 ಗುಂಪಿನ ಪ್ರೋಟೀನಿಲ್ಲ. ಇಸ್ರೇಲೆನ್ಸಿಸ್ ಅಥವಾ ಎಚ್‌-14 ಎಂಬ ಗುರುತು, ನೋಂದಣಿ ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ತಾರೀಖು, ಐಟಿಯು ಅಂಕಿ ಎಲ್ಲ ನೋಡಿಯೇ ದುಡ್ಡು ಕೊಡಿ. ನಮ್ಮ ದೇಶದಲ್ಲೇ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಬಿಟಿಐ ತಳಿಯೊಂದನ್ನು ಅಭಿವೃದ್ಧಿಪಡಿಸಿ ತಯಾರಕರಿಗೆ ಕೊಟ್ಟಿದೆ, ಆದ್ದರಿಂದ ಹೊರದೇಶದ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ತಗಡಿನ ಮಾಡಿನ ಕೆಳಗೆ ಬಿಸಿಲಲ್ಲಿ ಬೆಂದ ದಾಸ್ತಾನು, ತೇವ ಕುಡಿದು ಗಡ್ಡೆಯಾದ ಪುಡಿ ಬೇಡ.

ತಂದ ಪ್ಯಾಕೆಟ್ಟಿನ ಸತ್ವ ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಮಗ್ಗಿಗೆ ಒಂದೇ ಡ್ರಮ್ಮಿನ ನೀರು, ತಲಾ 20 ನಡುಗಾತ್ರದ ಮರಿ, ಪ್ಯೂಪಾ ಬೇಡ. ಒಂದಕ್ಕೆ ಮಾತ್ರ ಎರಡು ತೊಟ್ಟು ಕದಡಿದ ಮದ್ದು. ಎರಡಕ್ಕೂ ಬಟ್ಟೆ ಕಟ್ಟಿ ನೆರಳಲ್ಲಿಡಿ. 24 ತಾಸಿಗೆ ಮದ್ದಿನ ಮಗ್ಗಿನಲ್ಲಿ ಬಹುತೇಕ ಎಲ್ಲವೂ ಸತ್ತಿರಬೇಕು. ಮದ್ದಿಲ್ಲದ ಮಗ್ಗಿನಲ್ಲೂ ನಾಲ್ಕಕ್ಕಿಂತ ಹೆಚ್ಚು ಸತ್ತಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ನೀರಿನಲ್ಲೇ ಬೇರೇನೋ ಇದೆ.

ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟುವ ನೀರು ಬಿಟ್ಟುಕೊಂಡವರಿಗೆ ದಂಡವನ್ನೂ ಇಟ್ಟಿದೆ. ಹೊಗೆಯಂತ್ರ ಬಂದು ಬೀದಿಯೆಲ್ಲ ಬೆಳ್ಳಗಾದರೆ ಸಮಾಧಾನವಾಗುತ್ತದೆ ನಿಜ, ಅದು ಆಗ ಹಾರುತ್ತಿದ್ದ ಸೊಳ್ಳೆಗಷ್ಟೇ. ಸಂಪಿನೊಳಗಿನ ಮರಿಗೆ ಹೊಗೆ ತಾಗುವುದಿಲ್ಲ. ಈಡಿಸ್ ಹುಟ್ಟಿದ ಜಾಗದಿಂದ ಬಹಳ ದೂರ ಹೋಗದ್ದರಿಂದ ಒಂದು ಬೀದಿಯವರು ಒಟ್ಟಾಗಿ ಹಾಕಿದರೆ ಫಲ ಕಣ್ಣಿಗೆ ಕಾಣುತ್ತದೆ, ದುಡ್ಡಿನ ಲೆಕ್ಕಕ್ಕೂ ಅದೇ ಸರಿ. ಒಂದು ಸಂಪು, ನಾಲ್ಕು ಡ್ರಮ್ಮಿನ ಮನೆಗೆ ವಾರಕ್ಕೆ ಬೇಕಾದ ಪುಡಿ 4 ಗ್ರಾಂ ಒಳಗೆ. 20 ಮನೆಗೆ ಒಂದು ಕೆಜಿ ಪ್ಯಾಕೆಟ್ಟು ಮೂರು ತಿಂಗಳು, ಅಂದರೆ ಬಹುಪಾಲು ಮಳೆಗಾಲ, ಬರುತ್ತದೆ. ಪುಡಿಯನ್ನು ಹೆಸರಿಲ್ಲದ ಪ್ಲಾಸ್ಟಿಕ್ ಚೀಲಗಳಲ್ಲಿ ಹಂಚಿಕೊಳ್ಳಬೇಡಿ, ಅಡುಗೆ ಹಿಟ್ಟಿನ ಡಬ್ಬಿಗಳ ನಡುವೆ ಸೇರಿಹೋಗುತ್ತದೆ. ಪ್ಯಾಕೆಟ್ಟು ಒಂದೇ ಮನೆಯಲ್ಲಿ, ಮಕ್ಕಳ ಕೈಗೆಟುಕದಂತೆ, ಗಾಳಿಯಾಡದ ಡಬ್ಬಿಯಲ್ಲಿರಲಿ. ವಾರಕ್ಕೊಂದು ಸಂಜೆ 75 ಗ್ರಾಂ ಪುಡಿಯನ್ನು 3 ಲೀಟರ್ ನೀರಿನಲ್ಲಿ ಕದಡಿ, ಅಲ್ಲಾಡಿಸುತ್ತಾ ಮನೆಗೆ ಅವರವರ ಅಳತೆಯಷ್ಟು ಕೊಡಿ, ಕತ್ತಲಾಗುವುದರೊಳಗೆ ಎಲ್ಲರ ನೀರಿಗೂ ಬಿದ್ದಿರಲಿ.